ಆರೋಗ್ಯ ಸಚಿವರೇ, ಮನೆಗೆ ಹೋದ ಮೇಲೆ ಏನಾಯ್ತು ಅಂತ ನಮ್ಮನ್ನೂ ಕೇಳಿ

ಮಾನ್ಯ ಆರೋಗ್ಯ ಸಚಿವರಿಗೆ ನಮಸ್ಕಾರಗಳು.

ಸಮುದಾಯ ಆಸ್ಪತ್ರೆಯಲ್ಲಿ ಕ್ಷಯಕ್ಕೆ ಚಿಕಿತ್ಸೆ ಪಡೆದು ಗುಣವಾದವಳು ನಾನು. ಈಗ ಕೆಮ್ಮಿಲ್ಲ, ಜ್ವರವಿಲ್ಲ, ಇಳಿದಿದ್ದ ತೂಕವೂ ವಾಪಸ್ ಬಂದಿದೆ. ಆಸ್ಪತ್ರೆಯ ದಾಖಲೆಯಲ್ಲಿ ನನ್ನ ಹೆಸರಿನ ಮುಂದೆ ‘ಚಿಕಿತ್ಸೆ ಪೂರ್ಣ’ ಅಂತ ಬರೆದಿದ್ದಾರೆ. ಆದರೆ ಆ ದಾಖಲೆಯಲ್ಲಿ ಇಲ್ಲದ ನಾಲ್ಕು ದಿನಗಳ ವಿಷಯ ನಿಮಗೆ ಹೇಳಲೇಬೇಕು.

ಮಾತ್ರೆ ಶುರು ಮಾಡಿದ ಮರುದಿನ ಬೆಳಿಗ್ಗೆ ಮೂತ್ರ ಕೆಂಪಗೆ ಹೋಯಿತು. ರಕ್ತ ಅಂದುಕೊಂಡೆ. ಕೈಕಾಲು ತಣ್ಣಗಾದವು. ಮನೆಯಲ್ಲಿ ಮೊದಲೇ ಎಲ್ಲರೂ ಹೆದರಿದ್ದರು, ಹೇಳಲು ಬಾಯಿ ಬರಲಿಲ್ಲ. ಸುಮ್ನೆ ನಾಲ್ಕು ದಿನ ಮಾತ್ರೆ ನಿಲ್ಲಿಸಿಬಿಟ್ಟೆ. ನಿಲ್ಲಿಸಿದ ಮೇಲೆ ಬಣ್ಣ ಸರಿಯಾಯಿತು. ಹಾಗಾಗಿ ನಾನು ಮಾಡಿದ್ದೇ ಸರಿ ಅಂತ ಗಟ್ಟಿಯಾಗಿ ನಂಬಿದೆ.

ಆಮೇಲೆ ಆಸ್ಪತ್ರೆಗೆ ಹೋದಾಗ ನರ್ಸ್ ಒಬ್ಬರು ಮಾತ್ರೆ ಶೀಟು ತೆಗೆದುಕೊಂಡು, ಉಳಿದದ್ದನ್ನು ಬೆರಳಿಟ್ಟು ಎಣಿಸಿದರು. ಬೈಯುತ್ತಾರೆ ಅಂತ ತಲೆ ತಗ್ಗಿಸಿದ್ದೆ. ಅವರು ಸ್ಟೂಲು ಎಳೆದುಕೊಂಡು ಕೂತು, “ಏನಾದ್ರೂ ನೋಡಿ ಹೆದರಿಕೊಂಡ್ರಾ?” ಅಂತ ಕೇಳಿದರು. ಅಷ್ಟಕ್ಕೇ ನನಗೆ ಅಳು ಬಂತು. “ಅದು ರಕ್ತ ಅಲ್ಲಮ್ಮ, ರಿಫಾಂಪಿಸಿನ್ ಮಾತ್ರೆಯ ಬಣ್ಣ. ಬೆವರು, ಕಣ್ಣೀರಿಗೂ ಬರಬಹುದು” ಅಂದರು. ಐದು ನಿಮಿಷ ಹಿಡಿಯಿತೇನೋ. ಆ ಐದು ನಿಮಿಷ ಮೊದಲ ದಿನವೇ ಸಿಕ್ಕಿದ್ದರೆ ಇಷ್ಟೆಲ್ಲಾ ಆಗುತ್ತಲೇ ಇರಲಿಲ್ಲ ಅಲ್ವಾ?

ಇದು ನನ್ನೊಬ್ಬಳ ಭಯದ ಮಾತಲ್ಲ. ಔಷಧಕ್ಕೆ ಬಗ್ಗುವ ಕ್ಷಯಕ್ಕೆ ಸಾಮಾನ್ಯವಾಗಿ 6 ತಿಂಗಳ ಚಿಕಿತ್ಸೆ. ಮೊದಲ 2 ತಿಂಗಳು 4 ಬಗೆಯ ಔಷಧ. ಕೆಲವೇ ವಾರಗಳಲ್ಲಿ ಕೆಮ್ಮು ಇಳಿಯುತ್ತದೆ, ಇನ್ನು ಸಾಕು ಅನ್ನಿಸುತ್ತದೆ. ಅಲ್ಲಿಗೇ ಬಿಟ್ಟರೆ ಉಳಿದ ರೋಗಾಣುಗಳು ಔಷಧಕ್ಕೆ ಜಗ್ಗದಂತಾಗಬಹುದು. ಚೀಟಿ ಬರೆದುಕೊಟ್ಟರೆ ಸಾಲದು, ರೋಗಿಗೆ ಅರ್ಥವಾಯಿತಾ ಅಂತ ಅವರ ಬಾಯಿಂದಲೇ ಕೇಳಿ ತಿಳಿಯಬೇಕು.

ಔಷಧಿಗೆ ಕಾಯುವ ಬೆಂಚಿನಲ್ಲಿ ಪರಿಚಯವಾದ ಹಿರಿಯರೊಬ್ಬರಿಗೆ ಪಾರ್ಶ್ವವಾಯು ಆಗಿತ್ತು. ಮಾತು ಹೋಗಿತ್ತು, ಬುದ್ಧಿ ಹೋಗಿರಲಿಲ್ಲ. ಏನಾದರೂ ಕೇಳಿದರೆ ಒಂದು ಪದ ಹೊರಡಿಸಲು ಅವರಿಗೆ ಅರ್ಧ ನಿಮಿಷ ಬೇಕಿತ್ತು. ಅಷ್ಟರಲ್ಲಿ ಎಲ್ಲರೂ ಮಗನ ಕಡೆ ತಿರುಗುತ್ತಿದ್ದರು. ತೆರೆದ ಬಾಯಿ ಅವರು ನಿಧಾನವಾಗಿ ಮುಚ್ಚಿಕೊಳ್ಳುತ್ತಿದ್ದರು. ನನಗದು ಇವತ್ತಿಗೂ ಮರೆತಿಲ್ಲ.

ಸಚಿವರೇ, ಅಭಿಪ್ರಾಯ ಬರೆಯಲು ನಮಗೊಂದು ಫಾರಂ ಕೊಟ್ಟಿದ್ದರು. ಹಾಸಿಗೆ, ಶೌಚಾಲಯ, ಸಿಬ್ಬಂದಿಯ ನಡವಳಿಕೆ, ಎಲ್ಲಾ ಕೇಳಿದ್ದರು. ಬೇಕಾದದ್ದೇ. ಆದರೆ ಮಾತ್ರೆ ಯಾಕೆ ಕೊಟ್ಟಿದ್ದೇವೆ ಗೊತ್ತಾ, ಮನೆಗೆ ಹೋದ ಮೇಲೆ ಹೇಗಿದ್ದಿರಿ ಅನ್ನೋ ಪ್ರಶ್ನೆ ಇರಲಿಲ್ಲ. ತಮ್ಮ ಆರೋಗ್ಯ ಸೇವೆಯನ್ನು ರೂಪಿಸುವುದರಲ್ಲಿ ಜನರಿಗೂ ಪಾಲಿರಬೇಕು ಅಂತ 1978ರಲ್ಲೇ, ಪ್ರಾಥಮಿಕ ಆರೋಗ್ಯ ಸೇವೆಯ ಬಗ್ಗೆ ಹಲವು ದೇಶಗಳು ಸೇರಿ ಹೊರಡಿಸಿದ ಆಲ್ಮಾ ಅಟಾ ಘೋಷಣೆ ಹೇಳಿತ್ತು. ಆಸ್ಪತ್ರೆಯ ಸಮಿತಿಯಲ್ಲಿ ಗುಣವಾದ ರೋಗಿಗಳನ್ನೂ ಕೂರಿಸಿ. ಮನೆಗೆ ಕಳಿಸಿದ ವಾರದೊಳಗೆ ಒಂದು ಫೋನ್ ಮಾಡಿಸಿ. ಅದಕ್ಕೆ ಬೇಕಾದಷ್ಟು ನರ್ಸ್‌ಗಳನ್ನೂ ಕೊಡಿ, ಇರುವವರ ಮೇಲೇ ಹೊರೆ ಹಾಕಬೇಡಿ.

ನನ್ನ ಮಾತ್ರೆ ಎಣಿಸಿದ ಆ ನರ್ಸ್ ಈಗಲೂ ಅಲ್ಲೇ ಕೆಲಸ ಮಾಡುತ್ತಿದ್ದಾರೆ. ಇದನ್ನೆಲ್ಲಾ ಹೇಗೆ ಮಾಡಬೇಕು ಅಂತ ಮೊದಲು ಅಂಥವರನ್ನೇ ಕರೆದು ಕೇಳಿ.

ಇಂತಿ ನಿಮ್ಮ ವಿಶ್ವಾಸಿ,
ಗುಣವಾದ ಒಬ್ಬ ರೋಗಿ