ಕಾವೂರಿನ ಅಕ್ಕನಿಗೆ, ಮತ್ತು ಉಳಿದ ಎಲ್ಲರಿಗೂ

ಶ್ರೀಲಂಕಾದ ಗಾಲೆಯ ಹತ್ತಿರ, ಉನವಟುನದಲ್ಲಿ ನಾವು ನಡೆಸುವ ಪುಟ್ಟ ಗೆಸ್ಟ್‌ಹೌಸಿಗೆ ಈ ತಿಂಗಳು ಹತ್ತು ವರ್ಷ ತುಂಬಿತು. ನಾನು ಬರೆಯುವ ಪ್ರವಾಸದ ಬ್ಲಾಗಿನಲ್ಲಿ ಇದರ ಬಗ್ಗೆ ಇಂಗ್ಲಿಷಿನಲ್ಲಿ ಬರೆದಾಗಿದೆ. ಅದು ನಮ್ಮಲ್ಲಿಗೆ ಬರುವ ಅತಿಥಿಗಳಿಗೆ. ಇದು ಮಂಗಳೂರಿನವರಿಗೆ, ಉಡುಪಿಯವರಿಗೆ. ಅದರಲ್ಲೂ ಒಬ್ಬರು ಇದನ್ನು ಓದಲೇಬೇಕು. ಅವರು ದಿನಾ ಪೇಪರ್ ಓದುವುದು ಕನ್ನಡದಲ್ಲಿ.

ಊರಿಗೆ ಬಂದಾಗಲೆಲ್ಲ ಯಾರಾದರೂ ಕೇಳುತ್ತಾರೆ, "ಅಲ್ಲಿ ಎಂತ ಮಾಡುದು ನೀವು ಇಡೀ ದಿನ?" ಬೆಳಿಗ್ಗೆ ಐದಕ್ಕೆ ಕಾಯಿ ತುರಿಯುವುದರಿಂದ ದಿನ ಶುರು. ಮಿರಿಸ್ಸಕ್ಕೆ ತಿಮಿಂಗಿಲ ನೋಡಲು ಹೋಗುವವರು ಬೆಳಕು ಹರಿಯುವ ಮೊದಲೇ ಹೊರಡುತ್ತಾರೆ, ಅವರಿಗೆ ತಿಂಡಿ ಕಟ್ಟಿ ಕೊಡಬೇಕು. ಉಳಿದವರಿಗೆ ಎಂಟಕ್ಕೆ ಒತ್ತು ಶ್ಯಾವಿಗೆ, ತೆಂಗಿನಕಾಯಿ ಮತ್ತು ಒಣಮೆಣಸು ಕುಟ್ಟಿ ಮಾಡುವ ಅಲ್ಲಿನ ಚಟ್ನಿ, ಬೇಳೆ ಸಾರು. ವಾರಕ್ಕೊಂದು ದಿನ ನಮ್ಮ ನೀರುದೋಸೆ. ಆಮೇಲೆ ಹಾಸಿಗೆ ಬಟ್ಟೆ ಒಗೆಯುವುದು, ರೂಮು ಒರೆಸುವುದು, ಹೊಸಬರಿಗೆ ಬೀಗದ ಕೈ ಕೊಡುವುದು, ಕೆಟ್ಟ ನಲ್ಲಿಗೆ ಪ್ಲಂಬರ್ ಹುಡುಕುವುದು. ಮಧ್ಯಾಹ್ನ ಎಲ್ಲರೂ ಸಮುದ್ರಕ್ಕೆ ಹೋದ ಮೇಲೆ ನಾನು ಬರೆಯಲು ಕೂರುತ್ತೇನೆ. ಕೊಲಂಬೊದಿಂದ ಗಾಲೆಗೆ ಬರುವ ರೈಲಿನಲ್ಲಿ ಯಾವ ಬದಿ ಕೂತರೆ ಸಮುದ್ರ ಕಾಣುತ್ತದೆ, ಗಾಲೆ ಕೋಟೆಯನ್ನು ಯಾವ ಹೊತ್ತಿಗೆ ಸುತ್ತಿದರೆ ಬಿಸಿಲು ಕಡಿಮೆ, ಇಂಥವೇ. ಓದುವವರಿಗೆ ಇದು ಸಣ್ಣ ವಿಷಯ ಅನ್ನಿಸಬಹುದು. ನಮಗೆ ಅದೇ ಅನ್ನ. ಮಲ್ಪೆಯ ಬೋಟುಗಳನ್ನು ದಡಕ್ಕೆ ಸೇರಿಸುವ ಮುಂಗಾರೇ ಅಲ್ಲಿಯೂ ಹೊಡೆಯುವುದು. ಮೇ ತಿಂಗಳಿಂದ ಅಕ್ಟೋಬರ್‌ವರೆಗೆ ರೂಮುಗಳು ಹೆಚ್ಚುಕಡಿಮೆ ಖಾಲಿ. ಆಗ ಮನೆ ನಡೆಯುವುದು ಬ್ಲಾಗಿನ ಜಾಹೀರಾತು ಮತ್ತು ಬುಕಿಂಗ್ ಕಮಿಷನ್‌ನಿಂದ.

ಹತ್ತು ವರ್ಷದಲ್ಲಿ ಮೂರು ಸಲ ಬಾಗಿಲು ಮುಚ್ಚುವ ಹಾಗಾಯಿತು. 2019ರ ಈಸ್ಟರ್ ದಿನದ ಬಾಂಬ್ ಸ್ಫೋಟದ ನಂತರ ಬುಕಿಂಗುಗಳೆಲ್ಲ ರದ್ದಾದವು. 2020ರಲ್ಲಿ ಕೊರೊನಾ ಬಂತು, ವಿಮಾನ ನಿಲ್ದಾಣವೇ ಮುಚ್ಚಿತು, ಪ್ರವಾಸಿಗರಿಗೆ ಮತ್ತೆ ತೆರೆದದ್ದು 2021ರ ಜನವರಿಯಲ್ಲಿ. ಆಮೇಲೆ 2022. ಗ್ಯಾಸ್ ಇಲ್ಲ, ಹಾಲಿನ ಪುಡಿ ಇಲ್ಲ, ಮಾರ್ಚ್ ಕೊನೆಗೆ ದಿನಕ್ಕೆ 13 ಗಂಟೆ ಕರೆಂಟು ಇಲ್ಲ. ವರ್ಷದ ಮೊದಲಿಗೆ ಡಾಲರಿಗೆ 200 ಇದ್ದ ಅಲ್ಲಿನ ರೂಪಾಯಿ ಮೇ ಹೊತ್ತಿಗೆ 360ಕ್ಕೆ ಇಳಿಯಿತು. ಬ್ಲಾಗಿನಿಂದ ಬರುತ್ತಿದ್ದ ಸ್ವಲ್ಪ ಡಾಲರಿನಲ್ಲೇ ನಮ್ಮ ಹುಡುಗರಿಗೆ ಸಂಬಳ ಕೊಟ್ಟೆವು. ಇದನ್ನೆಲ್ಲ ಹೇಗೋ ದಾಟಬಹುದಿತ್ತು, ದಾಟಿದೆವು ಕೂಡ.

ಆದರೆ ಜೂನ್ 28ರಿಂದ ಅಗತ್ಯ ಸೇವೆಯವರಿಗೆ ಬಿಟ್ಟು ಯಾರಿಗೂ ಪೆಟ್ರೋಲ್ ಇಲ್ಲ ಎಂದು ಸರ್ಕಾರ ಹೇಳಿದ ಆ ವಾರವೇ ಮಂಗಳೂರಿನ ಕಾವೂರಿನಲ್ಲಿ ಅಮ್ಮ ಬಿದ್ದರು. ಏನಾಯಿತು ಎಂದು ನಿಮಗೆಲ್ಲ ಗೊತ್ತು, ಮತ್ತೆ ಬರೆಯುವುದಿಲ್ಲ. ಆಪರೇಷನ್ ಅದೇ ರಾತ್ರಿ ಆಗಬೇಕಿತ್ತು. ಅಣ್ಣ ದುಬೈಯಲ್ಲಿ. ನಾನು ಗಾಲೆಯಲ್ಲಿ. ಬೆಳಗ್ಗಿನವರೆಗೆ ಅಲ್ಲಿಂದ ಹೊರಡುವ ದಾರಿಯೇ ಇರಲಿಲ್ಲ.

ಆಸ್ಪತ್ರೆಯಲ್ಲಿ ಇದ್ದದ್ದು ತಗ್ಗಿನ ಮನೆಯ ಅಕ್ಕ.

ಅಕ್ಕ ನಮಗೆ ಸಂಬಂಧಿ ಅಲ್ಲ. ಅಮ್ಮನ ಮನೆಯ ಮೆಟ್ಟಿಲು ಇಳಿದರೆ ಅವರ ಅಂಗಳ. ಬೀಡಿ ಕಟ್ಟುತ್ತಾರೆ. ಕಟ್ಟಿದ ಬೀಡಿಯನ್ನು ಬೀಡಿ ಕಂಪನಿಯ ಬ್ರಾಂಚಿಗೆ ಕೊಟ್ಟು, ಎಲೆ ಮತ್ತು ಹೊಗೆಸೊಪ್ಪು ತಂದು, ಮತ್ತೆ ಕೂರುತ್ತಾರೆ. ಎಷ್ಟು ಕಟ್ಟಿದರೆ ಅಷ್ಟು ಕೂಲಿ. ಅಮ್ಮ ಬಿದ್ದ ಸದ್ದು ಕೇಳಿ, ಮಡಿಲಲ್ಲಿದ್ದ ತಡ್ಪೆಯನ್ನು, ಅಂದರೆ ಬೀಡಿ ಕಟ್ಟುವ ಮೊರವನ್ನು, ಹಾಗೇ ಕೆಳಗಿಟ್ಟು ಓಡಿದವರು ಮನೆಗೆ ವಾಪಸ್ ಹೋದದ್ದು ನಾನು ಬಂದು ಮುಟ್ಟಿದ ಮೇಲೆ.

ಆ ರಾತ್ರಿ ನಾನು ಮತ್ತೆ ಮತ್ತೆ ಫೋನ್ ಮಾಡುತ್ತಿದ್ದೆ. ನಮ್ಮಲ್ಲಿ ಕರೆಂಟು ಹೋಗಿತ್ತು. ಊರಿಗೆ ಮರಳಲಾಗದೆ ನಮ್ಮಲ್ಲೇ ಉಳಿದಿದ್ದ ಒಬ್ಬ ಅತಿಥಿ ತನ್ನ ಪವರ್ ಬ್ಯಾಂಕನ್ನು ಕೇಳದೆಯೇ ತಂದು ನನ್ನ ಪಕ್ಕ ಇಟ್ಟು ಹೋದಳು. ಬೇರೆ ಎಲ್ಲರೂ ನನಗೆ ಒಂದೇ ಮಾತು ಹೇಳುತ್ತಿದ್ದರು, ಎಲ್ಲ ಸರಿಯಾಗ್ತದೆ ಎಂದು. ಪ್ರೀತಿಯಿಂದಲೇ ಹೇಳಿದ್ದು. ಆದರೆ ಆ ಮಾತು ಕೇಳಿದಷ್ಟೂ ನನಗೆ ಹೆದರಿಕೆ ಜಾಸ್ತಿ ಆಗುತ್ತಿತ್ತು. ಅಕ್ಕ ಒಬ್ಬರೇ ಒಮ್ಮೆಯೂ ಹಾಗೆ ಹೇಳಲಿಲ್ಲ. ಕಂಡದ್ದನ್ನು ಹೇಳಿದರು. "ಈಗ ಒಳಗೆ ಕರ್ಕೊಂಡು ಹೋದ್ರು." "ಸಣ್ಣ ಪ್ರಾಯದ ಡಾಕ್ಟ್ರು ಹೊರಗೆ ಬಂದು ಪುನಃ ಒಳಗೆ ಹೋದ್ರು. ಎಂತ ಹೇಳ್ಲಿಲ್ಲ. ನಾನೂ ಎಂತ ಹೇಳುದಿಲ್ಲ ನಿಂಗೆ." "ರಕ್ತ ತಂದ್ರು, ನಿನ್ನ ದೊಡ್ಡಮ್ಮನ ಮಗ ಕೊಟ್ಟದ್ದು." ಹೀಗೆ. ಇಷ್ಟು ದೂರದಲ್ಲಿ ಇರುವವರಿಗೆ ಬೇಕಾದದ್ದು ಇದು. ನಾನು ಆ ವರಾಂಡದಲ್ಲಿ ಇರಲಿಲ್ಲ, ಆದರೆ ಅಲ್ಲಿ ಏನು ನಡೆಯಿತೋ ಅದೆಲ್ಲ ನನಗೆ ಗೊತ್ತಿತ್ತು. ಯಾರೂ ನನ್ನಿಂದ ಏನನ್ನೂ ಮುಚ್ಚಿಡುತ್ತಿಲ್ಲ ಎಂಬ ಧೈರ್ಯ ಇತ್ತು.

ಅದಕ್ಕೂ ಮೊದಲು ಒಂದು ಫೋನ್ ಅವರೇ ಮಾಡಿದ್ದರು. ಆಪರೇಷನ್ನಿಗೆ ಮೊದಲು ಮೈಮೇಲಿನ ಚಿನ್ನ ಎಲ್ಲ ತೆಗೆಯಬೇಕಂತೆ. ಬಳೆ, ಸರ ತೆಗೆದಾಗಿತ್ತು. ಮೂಗುತಿ ಉಳಿದಿತ್ತು. ಅಮ್ಮ ಮದುವೆಯಾದ ಮೇಲೆ ಅದನ್ನು ತೆಗೆದದ್ದೇ ಇಲ್ಲ. "ಅವ್ರಿಗೆ ಕೇಳಿದ್ರೆ ಗೊತ್ತಾಗುದಿಲ್ಲ ಈಗ. ನೀನು ಮಗಳಲ್ವಾ, ನೀನು ಹೇಳು. ತೆಗೀಲಾ?" ಎಂದರು.

ಅಲ್ಲಿಯವರೆಗೆ ನಾನು ಅತ್ತಿರಲಿಲ್ಲ. ಡಾಕ್ಟರ್ ಹೇಳಿದ್ದನ್ನು ಕೇಳಿದಾಗಲೂ ಅತ್ತಿರಲಿಲ್ಲ. ಈ ಮಾತಿಗೆ ಅತ್ತೆ. ಬಾಯಿಂದ ಮಾತೇ ಬರಲಿಲ್ಲ. ಅಕ್ಕ ಫೋನ್ ಇಡಲಿಲ್ಲ, ಅವಸರ ಮಾಡಲಿಲ್ಲ, ನನ್ನನ್ನು ಸಮಾಧಾನ ಮಾಡಲೂ ಹೋಗಲಿಲ್ಲ. ನಾನು "ಹೂಂ" ಎನ್ನುವವರೆಗೆ ಕಾದರು. ಆಮೇಲೆ ನರ್ಸ್ ಹತ್ತಿರ ಸಾಬೂನು ನೀರು ಕೇಳಿ, ನಿಧಾನಕ್ಕೆ ತಿರುಗಿಸಿ ತೆಗೆದರಂತೆ. ಕರವಸ್ತ್ರದಲ್ಲಿ ಗಂಟು ಹಾಕಿ ಇಟ್ಟುಕೊಂಡರು. ಬೇರೆ ಯಾರೇ ಆಗಿದ್ದರೂ ಆ ಗಡಿಬಿಡಿಯಲ್ಲಿ ತೆಗೆದು ಕೊಟ್ಟುಬಿಡುತ್ತಿದ್ದರು, ಅದು ತಪ್ಪೂ ಅಲ್ಲ. ಅಕ್ಕ ಕೇಳಿದರು. ಅಮ್ಮನ ಮೂಗಿನ ಮೇಲೆ ಕೈ ಹಾಕುವ ಮೊದಲು ಸಮುದ್ರದ ಆಚೆ ಇದ್ದ ಮಗಳನ್ನು ಕೇಳಿದರು. ಇದಕ್ಕೆ ಹೇಗೆ ಥ್ಯಾಂಕ್ಸ್ ಹೇಳಬೇಕೆಂದು ನನಗೆ ಇವತ್ತಿಗೂ ತಿಳಿಯುತ್ತಿಲ್ಲ. ಆ ವಾರ ಅವರಿಗೆ ಕೂಲಿ ಇರಲಿಲ್ಲ. ದುಡ್ಡು ಕೊಡಲು ಹೋದಾಗ ಸಿಟ್ಟು ಮಾಡಿದರು, ಮತ್ತೆ ಆ ಮಾತು ತೆಗೆಯಲು ನನಗೆ ಧೈರ್ಯ ಬರಲಿಲ್ಲ.

ಉಳಿದವರನ್ನೂ ನಾನು ಮರೆತಿಲ್ಲ. ಟ್ಯಾಂಕಿನಲ್ಲಿ ಉಳಿದಿದ್ದ ಕೊನೆಯ ಪೆಟ್ರೋಲಿನಲ್ಲಿ ನನ್ನನ್ನು ಗಾಲೆ ಸ್ಟೇಷನ್ನಿಗೆ ಬಿಟ್ಟ ನಮ್ಮ ಬೀದಿಯ ರಿಕ್ಷಾದ ಅಣ್ಣ, ಕೊಲಂಬೊದಿಂದ ಏರ್‌ಪೋರ್ಟಿಗೆ ಮುಟ್ಟಿಸಿದ ಹಳೆಯ ಅತಿಥಿ, ದುಡ್ಡಿನ ಚಿಂತೆಯನ್ನೆಲ್ಲ ತಾನೇ ಹೊತ್ತ ಅಣ್ಣ, ರಕ್ತ ಕೊಟ್ಟ ದೊಡ್ಡಮ್ಮನ ಮಗ, ನಾನಿಲ್ಲದಾಗ ಸೌದೆ ಒಲೆಯಲ್ಲಿ ಅಡುಗೆಮನೆ ನಡೆಸಿದ ಅಲ್ಲಿನ ಅಮ್ಮ, ಮುಂದಿನ ವರ್ಷಕ್ಕೆಂದು ಆಗಲೇ ಮುಂಗಡ ಕಳಿಸಿದ ಬ್ಲಾಗಿನ ಓದುಗರು, ಎಲ್ಲರಿಗೂ ನಮಸ್ಕಾರ. ಇವರಿಗೆ, ನನ್ನ ಗಂಡನಿಗೆ, ಇಲ್ಲಿ ಹೇಳುವುದಕ್ಕಿಂತ ಮನೆಯಲ್ಲೇ ಹೇಳುತ್ತೇನೆ.

ಆ ಮಳೆಗಾಲ ಪೂರ್ತಿ ಕಾವೂರಿನಲ್ಲಿದ್ದೆ. ಅಮ್ಮನ ಮಂಚದ ಪಕ್ಕ ಕೂತು ನಮ್ಮ ಕರಾವಳಿಯ ಬಗ್ಗೆಯೇ ಬರೆದೆ. 1901ರಲ್ಲಿ ಕಟ್ಟಿದ ಕಾಪುವಿನ ದೀಪಸ್ತಂಭ, ಮಳೆ ಬಿಡುವವರೆಗೆ ಬೋಟು ಹೋಗದ ಸೇಂಟ್ ಮೇರೀಸ್ ದ್ವೀಪ, ಉಡುಪಿಯ ರಥಬೀದಿ. ಶ್ರೀಲಂಕಾದ ಬಗ್ಗೆ ಯಾರೂ ಹುಡುಕದಿದ್ದ ಆ ತಿಂಗಳುಗಳಲ್ಲಿ ಈ ಬರಹಗಳೇ ನಮ್ಮನ್ನು ನಡೆಸಿದವು. ಸಂಜೆ ಅಕ್ಕ ತಡ್ಪೆ ಹಿಡಿದು ಜಗಲಿಗೆ ಬರುತ್ತಿದ್ದರು. ಬೀಡಿ ಕಟ್ಟುತ್ತಲೇ ಅಮ್ಮನಿಗೆ ಬೀದಿಯ ಸುದ್ದಿ ಹೇಳುತ್ತಿದ್ದರು. ಅಮ್ಮ ಮೊದಲ ಸಲ ನಕ್ಕದ್ದು ಆ ಜಗಲಿಯಲ್ಲೇ, ನನ್ನ ಮಾತಿಗಲ್ಲ, ಅಕ್ಕನ ಮಾತಿಗೆ.

ಈಗ ಅಮ್ಮ ಚೆನ್ನಾಗಿದ್ದಾರೆ. ಮೂಗುತಿ ಮತ್ತೆ ಮೂಗಿನಲ್ಲಿದೆ, ಹಾಕಿದ್ದೂ ಅಕ್ಕನೇ. ಬರುವ ಜನವರಿಯಲ್ಲಿ ಅಮ್ಮ ಉನವಟುನಕ್ಕೆ ಬರುತ್ತಾರೆ, ಸಮುದ್ರದ ಕಡೆಯ ರೂಮನ್ನು ಯಾರಿಗೂ ಕೊಟ್ಟಿಲ್ಲ. ಅದರಲ್ಲಿ ಎರಡು ಮಂಚ ಇದೆ. ಅಕ್ಕಾ, ನೀವೂ ಬರಬೇಕು. ಬ್ರಾಂಚಿನ ಲೆಕ್ಕ, ಕೋಳಿಗಳ ಚಿಂತೆ, ಯಾವ ನೆಪವನ್ನೂ ಈ ಸಲ ಕೇಳುವುದಿಲ್ಲ. ಪಾಸ್‌ಪೋರ್ಟ್ ಅರ್ಜಿ ತುಂಬಿಸಲು ಮುಂದಿನ ವಾರ ನಾನೇ ಬರುತ್ತೇನೆ. ಆಧಾರ್ ಕಾರ್ಡ್ ಹುಡುಕಿ ಇಡಿ.