ನನ್ನ ಕೆಮ್ಮನ್ನು ಕಾಯಿಲೆ ಅಂತ ನಂಬಿದವರಿಗೆ

ಈ ತಿಂಗಳು ಹತ್ತನೇ ತರಗತಿಗೆ ಪೂರ್ತಿ ಒಂದು ಪಿರಿಯಡ್ ಎಲ್ಲೂ ನಿಲ್ಲಿಸದೆ ಪಾಠ ಮಾಡಿದೆ. ಷಟ್ಪದಿಯನ್ನು ರಾಗವಾಗಿ ಓದಿ ಮುಗಿಸಿದೆ. ಕನ್ನಡ ಟೀಚರ್ ಪದ್ಯ ಓದಿದರೆ ಅದೇನು ದೊಡ್ಡ ವಿಷಯ ಅನ್ನಿಸಬಹುದು. ಹೋದ ವರ್ಷ ನನ್ನ ಕ್ಲಾಸಿನಲ್ಲಿದ್ದ ಮಕ್ಕಳಿಗೆ, ಸ್ಟಾಫ್ ರೂಮಿನವರಿಗೆ, ನಮ್ಮ ಮನೆಯವರಿಗೆ ಮಾತ್ರ ಇದರ ಬೆಲೆ ಗೊತ್ತು. ಅವರಿಗೆಲ್ಲ ಹೆಸರು ಹೇಳದೆಯೇ, ಆದರೆ ಮನಸ್ಸು ತುಂಬಿ ಥ್ಯಾಂಕ್ಸ್ ಹೇಳಲು ಈ ಬರಹ. ತಿಂಗಳುಗಟ್ಟಲೆ ಕೆಮ್ಮುತ್ತಾ, 'ಕೆಮ್ಮು ತಾನೆ, ಹೋಗುತ್ತೆ ಬಿಡಿ' ಅನ್ನಿಸಿಕೊಳ್ಳುತ್ತಾ ಇರುವವರೂ ಓದಲಿ ಅಂತ ಸ್ವಲ್ಪ ವಿವರವಾಗಿಯೇ ಬರೆಯುತ್ತೇನೆ.

ಹೋದ ವರ್ಷದ ಹಿಂದಿನ ದೀಪಾವಳಿ ಕಳೆದ ಮೇಲೆ ಮನೆಯವರಿಗೆಲ್ಲ ನೆಗಡಿ ಬಂತು. ಎಲ್ಲರೂ ವಾರದಲ್ಲಿ ಹುಷಾರಾದರು. ನನಗೆ ನೆಗಡಿ ಹೋಯಿತು, ಕೆಮ್ಮು ಉಳಿಯಿತು. ಒಣ ಕೆಮ್ಮು. ಕಫ ಇಲ್ಲ, ಜ್ವರ ಇಲ್ಲ. ಗಂಟಲಲ್ಲಿ ಒಂದೇ ಜಾಗದಲ್ಲಿ ಕೆರೆತ ಶುರುವಾಗುತ್ತಿತ್ತು, ಆಮೇಲೆ ತಡೆಯುವುದಕ್ಕೇ ಆಗುತ್ತಿರಲಿಲ್ಲ. ಮಾತು ಶುರು ಮಾಡಿದರೆ ಕೆಮ್ಮು. ನಕ್ಕರೆ ಕೆಮ್ಮು. ಊದುಬತ್ತಿ ಹಚ್ಚಿದರೆ, ಸೆಂಟ್ ಹಾಕಿಕೊಂಡವರು ಪಕ್ಕದಲ್ಲಿ ಕೂತರೆ, ಫ್ಯಾನಿನ ತಣ್ಣನೆ ಗಾಳಿ ಮುಖಕ್ಕೆ ಬಡಿದರೆ ಕೆಮ್ಮು. ಪಕ್ಕೆ ಹಿಡಿದುಕೊಳ್ಳುತ್ತಿತ್ತು. ಕೆಲವು ಸಲ ವಾಂತಿಯೂ ಆಗುತ್ತಿತ್ತು. ಬಸ್ಸಿನಲ್ಲಿ ಪಕ್ಕದವರು ಎದ್ದು ಬೇರೆ ಸೀಟಿಗೆ ಹೋಗುತ್ತಿದ್ದರು. ಕೋವಿಡ್ ಕಂಡ ಜನ, ಅವರನ್ನು ದೂರುವ ಹಾಗಿಲ್ಲ. ಆದರೂ ಪ್ರತಿ ಸಲ ಕಣ್ಣು ತುಂಬಿ ಬರುತ್ತಿತ್ತು.

ಮೊದಲ ಥ್ಯಾಂಕ್ಸ್ ನಮ್ಮ ಅತ್ತೆಗೆ. ಶುಂಠಿ ಕಷಾಯ, ದೊಡ್ಡಪತ್ರೆ ರಸಕ್ಕೆ ಜೇನು, ರಾತ್ರಿ ಅರಿಶಿನ ಹಾಲು. ತಮ್ಮ ಮಂಡಿನೋವನ್ನೂ ಲೆಕ್ಕಿಸದೆ ಒಂದು ದಿನವೂ ತಪ್ಪಿಸಲಿಲ್ಲ. ಕೆಮ್ಮು ಹೋಗದಿದ್ದರೂ ಗಂಟಲಿಗೆ ಅದರಿಂದ ಹಿತವಾಗುತ್ತಿತ್ತು. ಅದಕ್ಕಿಂತ ಹೆಚ್ಚಾಗಿ, ಒಣಮೆಣಸಿನಕಾಯಿ ಒಗ್ಗರಣೆಯನ್ನು ಅವರು ನಾನು ಸ್ಕೂಲಿಗೆ ಹೋದ ಮೇಲೆಯೇ ಹಾಕುತ್ತಿದ್ದರು. ಭಾನುವಾರ ಹಾಕುತ್ತಲೇ ಇರಲಿಲ್ಲ. ಇದನ್ನು ಅವರಿಗೆ ಯಾರೂ ಹೇಳಿಕೊಟ್ಟಿರಲಿಲ್ಲ. ಕೆಮ್ಮಿನ ನರ ಎಷ್ಟು ಸೂಕ್ಷ್ಮವಾಗಿದೆ ಅಂತ ಅಳೆಯಲು ಸಂಶೋಧಕರು ಬಳಸುವುದೂ ಮೆಣಸಿನಕಾಯಿಯ ಖಾರದ ಅಂಶವನ್ನೇ, ಕ್ಯಾಪ್ಸೈಸಿನ್ ಅಂತ. ಇದನ್ನು ಆಮೇಲೆ ಡಾಕ್ಟರ್ ಹೇಳಿದಾಗ ನನಗೆ ಅತ್ತೆಯೇ ನೆನಪಾದರು.

ಎರಡನೆಯದು ನಮ್ಮ ಬೀದಿಯ ಆಶಾ ಕಾರ್ಯಕರ್ತೆಗೆ. ಬೇರೆ ಯಾವುದೋ ಕೆಲಸಕ್ಕೆ ಬಂದವರು ನನ್ನ ಕೆಮ್ಮು ಕೇಳಿ ಬಾಗಿಲಲ್ಲೇ ನಿಂತರು. "ಮೇಡಂ, ಎರಡು ವಾರ ದಾಟಿದ ಕೆಮ್ಮು ಅಂದ್ರೆ ಟಿಬಿ ಟೆಸ್ಟ್ ಮಾಡಿಸಲೇಬೇಕು. ಸರ್ಕಾರಿ ಆಸ್ಪತ್ರೆಯಲ್ಲಿ ದುಡ್ಡಿಲ್ಲ, ನಾನೇ ಬರ್ತೀನಿ ನಡೀರಿ" ಅಂದರು. ಅತ್ತೆಗೆ ಆ ಹೆಸರು ಕೇಳಿದರೇ ಭಯ. ಅವರ ಕಾಲದಲ್ಲಿ ಎದೆರೋಗ ಅಂದರೆ ಮೈಸೂರಿನ ಕೃಷ್ಣಾಜಮ್ಮಣ್ಣಿ ಸ್ಯಾನಟೋರಿಯಂ, ತಿಂಗಳುಗಟ್ಟಲೆ ಅಲ್ಲೇ ಇರಬೇಕು ಅನ್ನುವ ಮಾತು. ಈ ಹೆಣ್ಣುಮಗಳು ಅತ್ತೆಯ ಪಕ್ಕ ಕೂತು, ಈಗ ಟಿಬಿಗೆ ಮನೆಯಲ್ಲೇ ಇದ್ದು ಮಾತ್ರೆ ನುಂಗಿದರೆ ಗುಣವಾಗುತ್ತದೆ ಅಂತ ನಿಧಾನವಾಗಿ ಹೇಳಿದರು.

ಒಣ ಕೆಮ್ಮಿನವಳು ಟೆಸ್ಟಿಗೆ ಕಫ ಎಲ್ಲಿಂದ ತರಲಿ? ಅದನ್ನು ಹೇಳಿಕೊಟ್ಟವನು ಅರಸೀಕೆರೆ ಆಸ್ಪತ್ರೆಯ ಲ್ಯಾಬಿನ ಹುಡುಗ. ಬೆಳಗ್ಗೆ ಎದ್ದ ತಕ್ಷಣ, ಏನೂ ತಿನ್ನದೆ, ಬರೀ ನೀರಲ್ಲಿ ಬಾಯಿ ಮುಕ್ಕಳಿಸಿ, ಆಳವಾಗಿ ಉಸಿರೆಳೆದು ಹಿಡಿದು, ಎದೆಯಿಂದ ಕೆಮ್ಮಿ ತೆಗೆಯಬೇಕು, ಎಂಜಲು ಬೇಡ ಅಂದ. ತಾನೇ ಉಸಿರೆಳೆದು ತೋರಿಸಿದ. ರಿಪೋರ್ಟ್ ನೆಗೆಟಿವ್ ಬಂತು. ಎಕ್ಸ್‌ರೇ ಕೂಡ ಸರಿಯಾಗಿತ್ತು.

ಟಿಬಿ ಇಲ್ಲ ಅಂದ ಮೇಲೆ ಎಲ್ಲರಿಗೂ ಸಮಾಧಾನ ಆಯಿತು. ಕೆಮ್ಮು ಮಾತ್ರ ಅಲ್ಲೇ ಇತ್ತು. ಆಮೇಲಿನ ತಿಂಗಳುಗಳ ಬಗ್ಗೆ ಜಾಸ್ತಿ ಬರೆಯಲು ಇಷ್ಟವಿಲ್ಲ. ಸಿರಪ್ ಬದಲಾಯಿತು, ಆಂಟಿಬಯಾಟಿಕ್ ಬದಲಾಯಿತು, ಗ್ಯಾಸಿನ ಮಾತ್ರೆ ಸೇರಿತು. 'ಟೆನ್ಷನ್ ಮಾಡ್ಕೋಬೇಡಿ, ಅಭ್ಯಾಸ ಆಗಿಬಿಟ್ಟಿದೆ ನಿಮಗೆ' ಅಂತ ಒಂದು ಕಡೆ ಹೇಳಿದರು. ಆ ಮಾತು ಕೆಮ್ಮಿಗಿಂತ ಜಾಸ್ತಿ ನೋಯಿಸಿತು.

ಮೈಸೂರಿನಲ್ಲಿರುವ ನನ್ನ ತಂಗಿ ಇಲ್ಲದಿದ್ದರೆ ನಾನು ಈಗಲೂ ಅಲ್ಲೇ ಇರುತ್ತಿದ್ದೆ. ಒಂದು ಭಾನುವಾರ ಫೋನಿನಲ್ಲಿ, "ಅಕ್ಕಾ, ನೀನು ಮಾತಾಡಿದ್ದಕ್ಕಿಂತ ಕೆಮ್ಮಿದ್ದೇ ಜಾಸ್ತಿ. ಲಂಗ್ಸ್ ಡಾಕ್ಟರ್ ಹತ್ರ ನಂಬರ್ ಹಚ್ಚಿದೀನಿ. ರೈಲು ಹತ್ತು, ಇಲ್ಲಾಂದ್ರೆ ನಾನೇ ಬಂದು ಕರ್ಕೊಂಡು ಬರ್ತೀನಿ" ಅಂದಳು. ರೈಲು ಹತ್ತಿದೆ.

ಆ ಡಾಕ್ಟರ್ ಮೇಡಂ ಬಗ್ಗೆ ಎಷ್ಟು ಬರೆದರೂ ಕಡಿಮೆ. ಅವರು ಮೊದಲು ಕೇಳಿದ್ದು, "ಎಷ್ಟು ವಾರ ಆಯ್ತು?" ಮೂರು ವಾರದೊಳಗಿನ ಕೆಮ್ಮು ಸಾಮಾನ್ಯವಾಗಿ ನೆಗಡಿಯದು, ತಾನಾಗಿ ಹೋಗುತ್ತದೆ. ದೊಡ್ಡವರಲ್ಲಿ 8 ವಾರ ದಾಟಿದರೆ ಅದನ್ನು ದೀರ್ಘಕಾಲದ ಕೆಮ್ಮು ಅಂತ ಬೇರೆಯಾಗಿಯೇ ನೋಡಬೇಕು. ಮಕ್ಕಳಲ್ಲಿ 4 ವಾರ ದಾಟಿದರೇ ನೋಡಬೇಕು. ಕಫದಲ್ಲಿ ರಕ್ತ, ತೂಕ ಇಳಿಯುವುದು, ಸಂಜೆ ಜ್ವರ, ಏದುಸಿರು, ದನಿ ಒಡೆದು ಸರಿಹೋಗದಿರುವುದು, ನುಂಗಲು ಕಷ್ಟ, ಇವುಗಳಲ್ಲಿ ಯಾವುದಿದ್ದರೂ ಒಂದು ವಾರವೂ ಕಾಯಬಾರದು ಅಂದರು. ಬೀಡಿ ಸಿಗರೇಟು ಸೇದುವವರಲ್ಲಿ ಕೆಮ್ಮಿನ ರೀತಿ ಬದಲಾದರೂ ಅಷ್ಟೇ.

ಆಮೇಲೆ, "ನೀವು ತಗೊಳ್ಳೋ ಮಾತ್ರೆ ಎಲ್ಲ ಮೇಜಿನ ಮೇಲೆ ಹಾಕಿ. ಕೆಮ್ಮಿಂದು ಮಾತ್ರ ಅಲ್ಲ, ಎಲ್ಲಾ" ಅಂದರು. ಬ್ಯಾಗಿನ ಜಿಪ್ಪು ತೆಗೆದು ಸುರಿದೆ. ಅಷ್ಟರಲ್ಲಿ ಅವರ ಕೈ ನನ್ನ ಬಿಪಿ ಮಾತ್ರೆಯ ಸ್ಟ್ರಿಪ್ ಮೇಲೆ ನಿಂತಿತು. ಅದನ್ನು ಬೆಳಕಿಗೆ ಹಿಡಿದು ಹಿಂಬದಿಯ ಸಣ್ಣ ಅಕ್ಷರ ಓದಿ, "ರಾಮಿಪ್ರಿಲ್. ಇದು ಯಾವಾಗ ಶುರುವಾಯ್ತು?" ಅಂತ ಕೇಳಿದರು. ನೆಗಡಿಗೆ ಕೆಲವು ತಿಂಗಳು ಮೊದಲು.

ರಾಮಿಪ್ರಿಲ್, ಎನಲಾಪ್ರಿಲ್, ಲಿಸಿನೋಪ್ರಿಲ್ ಹೀಗೆ 'ಪ್ರಿಲ್' ಅಂತ ಮುಗಿಯುವ ಬಿಪಿ ಮಾತ್ರೆಗಳು ಒಂದೇ ಗುಂಪಿನವು. ಒಳ್ಳೆಯ ಔಷಧಗಳೇ. ಹೃದಯಕ್ಕೆ, ಕಿಡ್ನಿಗೆ ಅವುಗಳಿಂದ ತುಂಬಾ ಉಪಕಾರ ಇದೆ, ಎಷ್ಟೋ ಜನ ಯಾವ ತೊಂದರೆಯೂ ಇಲ್ಲದೆ ತೆಗೆದುಕೊಳ್ಳುತ್ತಾರೆ. ಆದರೆ ಅವು ದೇಹದಲ್ಲಿ ಬ್ರಾಡಿಕೈನಿನ್ ಅನ್ನುವ ವಸ್ತು ಕರಗುವುದನ್ನು ತಡೆಯುತ್ತವೆ. ಅದು ಶ್ವಾಸನಾಳದಲ್ಲಿ ಉಳಿದು ಕೆಲವರಿಗೆ ಒಣ ಕೆಮ್ಮು ತರುತ್ತದೆ, ಗಂಡಸರಿಗಿಂತ ಹೆಂಗಸರಿಗೆ ಜಾಸ್ತಿ. ಮಾತ್ರೆ ಶುರು ಮಾಡಿದ ವಾರದಲ್ಲೇ ಬರಬಹುದು, ತಿಂಗಳುಗಳ ನಂತರವೂ ಬರಬಹುದು. ಹಾಗಾಗಿ ಯಾರಿಗೂ ಅನುಮಾನ ಬರುವುದಿಲ್ಲ. ಡಾಕ್ಟರ್ ಮೇಡಂ ನನ್ನ ಬಿಪಿ ಡಾಕ್ಟರಿಗೆ ಫೋನ್ ಮಾಡಿ ಮಾತಾಡಿ, ಬೇರೆ ಗುಂಪಿನ ಬಿಪಿ ಮಾತ್ರೆಯಾದ ಟೆಲ್ಮಿಸಾರ್ಟಾನ್‌ಗೆ ಬದಲಾಯಿಸಿದರು. ನಾಳೆಯೇ ಕೆಮ್ಮು ನಿಲ್ಲುತ್ತದೆ ಅಂತ ಕಾಯಬೇಡಿ, ಹೆಚ್ಚಿನವರಿಗೆ ಒಂದರಿಂದ ನಾಲ್ಕು ವಾರ, ಕೆಲವರಿಗೆ ಮೂರು ತಿಂಗಳವರೆಗೂ ಬೇಕು ಅಂತ ಮೊದಲೇ ಹೇಳಿದರು. ಇದನ್ನು ಓದಿ ಯಾರೂ ಬಿಪಿ ಮಾತ್ರೆ ತಾವೇ ನಿಲ್ಲಿಸಬೇಡಿ, ದಯವಿಟ್ಟು. ಡಾಕ್ಟರನ್ನು ಕೇಳಿ, ಅವರು ಬದಲಾಯಿಸಿ ಕೊಡುತ್ತಾರೆ.

ಎದೆಯುರಿ, ಹುಳಿತೇಗು ಇದೆಯಾ ಅಂತ ಕೇಳಿದರು. ಇಲ್ಲ ಅಂದೆ. ಗ್ಯಾಸಿನ ಮಾತ್ರೆ ನಿಲ್ಲಿಸಿದರು. ಉಬ್ಬಸ ಇದೆಯೋ ನೋಡಲು ಸ್ಪೈರೋಮೆಟ್ರಿ ಮಾಡಿಸಿದರು. ಬರೀ ಕೆಮ್ಮಾಗಿಯೇ ಕಾಣಿಸಿಕೊಳ್ಳುವ ಅಸ್ತಮಾ ಕೂಡ ಇರುತ್ತದಂತೆ. ಸ್ಪೈರೋಮೆಟ್ರಿ ಮಾಡಿದ ಟೆಕ್ನಿಷಿಯನ್ ಅಣ್ಣನಿಗೂ ಥ್ಯಾಂಕ್ಸ್. ಮೂಗಿಗೆ ಕ್ಲಿಪ್ ಹಾಕಿ, ಬಾಯಲ್ಲಿ ಕೊಳವೆ ಇಟ್ಟು, "ಜೋರಾಗಿ ಊದಿ, ಊದಿ, ಊದಿ, ಬಿಡಬೇಡಿ, ಇನ್ನೂ ಇದೆ" ಅಂತ ಕೂಗುತ್ತಿದ್ದರು. ಪ್ರತಿ ಸಲ ನಾನು ಅರ್ಧಕ್ಕೇ ಕೆಮ್ಮಿಬಿಡುತ್ತಿದ್ದೆ. ಹೊರಗೆ ಸಾಲು ಬೆಳೆಯುತ್ತಿತ್ತು. ಅವರು ಒಂದು ಸಲವೂ ಮುಖ ಸಿಂಡರಿಸಲಿಲ್ಲ. ನೀರು ಕೊಟ್ಟು, ಕೂರಿಸಿ, ಮತ್ತೆ ಊದಿಸಿದರು.

ಅಸ್ತಮಾ ಇರಲಿಲ್ಲ. ಮಾತ್ರೆ ಬದಲಾದ ಮೇಲೆ ನಿಧಾನವಾಗಿ ಕೆಮ್ಮು ಅರ್ಧಕ್ಕೆ ಇಳಿಯಿತು. ರಾತ್ರಿ ನಿದ್ದೆ ಬಂತು. ಆದರೆ ಕ್ಲಾಸಿನಲ್ಲಿ ಕೆಮ್ಮು ಹಾಗೇ ಇತ್ತು. ಮತ್ತೆ ಹೋದಾಗ ಡಾಕ್ಟರ್, "ಒಂದೇ ಕಾರಣ ಇರಬೇಕು ಅಂತೇನಿಲ್ಲ" ಅಂದರು. ಗಂಟಲು, ಶ್ವಾಸನಾಳ, ಅನ್ನನಾಳ, ಕಿವಿಯ ಒಂದು ಭಾಗಕ್ಕೂ ಹೋಗುವ ವೇಗಸ್ ಅನ್ನುವ ನರ ಇದೆ. ಕಿವಿ ಕೆರೆದುಕೊಂಡರೆ ಕೆಲವರಿಗೆ ಕೆಮ್ಮು ಬರುವುದು ಅದಕ್ಕೇ. ತಿಂಗಳುಗಟ್ಟಲೆ ಕೆಮ್ಮಿದ ಮೇಲೆ ಈ ನರಗಳ ದಾರಿ ಅತಿಸೂಕ್ಷ್ಮವಾಗಿಬಿಡಬಹುದು. ಬೇರೆಯವರಿಗೆ ಗೊತ್ತೇ ಆಗದ ತಣ್ಣನೆ ಗಾಳಿ, ವಾಸನೆ, ಮಾತು ಕೂಡ ಕೆಮ್ಮು ಎಬ್ಬಿಸುತ್ತದೆ. ಬೇರೆ ಬೇರೆ ದೇಶಗಳ ಕೆಮ್ಮಿನ ಕ್ಲಿನಿಕ್‌ಗಳಿಗೆ ಬರುವವರಲ್ಲಿ ಸುಮಾರು ಮೂರರಲ್ಲಿ ಎರಡು ಪಾಲು ಹೆಂಗಸರು, ಅದರಲ್ಲೂ 50–60ರ ಆಸುಪಾಸಿನವರಂತೆ. "ಇದು ನಿಮ್ಮ ಮನಸ್ಸಿನ ಕಲ್ಪನೆ ಅಲ್ಲ, ನಿಮ್ಮ ನರದ ತೊಂದರೆ" ಅಂದರು. ಆ ಕೋಣೆಯಲ್ಲೇ ಅತ್ತುಬಿಟ್ಟೆ. ಅವರು ಮುಂದಿನ ಪೇಶೆಂಟನ್ನು ಕರೆಯದೆ ಸುಮ್ಮನೆ ಕಾದರು.

ಆಗ ಅವರು ಇನ್ನೊಂದು ಪ್ರಶ್ನೆ ಕೇಳಿದರು, ಯಾರೂ ಕೇಳಿರದ ಪ್ರಶ್ನೆ. "ಕೆಮ್ಮಿದಾಗ ಮೂತ್ರ ಜಾರುತ್ತಾ?" ಜಾರುತ್ತಿತ್ತು. ಸ್ಕೂಲಿಗೆ ಬ್ಯಾಗಿನಲ್ಲಿ ಇನ್ನೊಂದು ಲಂಗ ಇಟ್ಟುಕೊಂಡು ಹೋಗುತ್ತಿದ್ದೆ. ತಿಳಿಬಣ್ಣದ ಸೀರೆ ಉಡುವುದನ್ನೇ ಬಿಟ್ಟಿದ್ದೆ. ಮನೆಯವರಿಗೂ ಹೇಳಿರಲಿಲ್ಲ. ಇದನ್ನು ಇಲ್ಲಿ ಬರೆಯುವುದೋ ಬೇಡವೋ ಅಂತ ತುಂಬಾ ಯೋಚಿಸಿದೆ. ಓದುವವರಲ್ಲಿ ಒಬ್ಬಳಾದರೂ ನನ್ನ ಹಾಗೆ ಬಾಯಿ ಮುಚ್ಚಿಕೊಂಡು ಇರುತ್ತಾಳೆ ಅಂತ ಗೊತ್ತು, ಅದಕ್ಕೆ ಬರೆದೆ. ಬಹಳ ದಿನ ಕೆಮ್ಮುವ ಹೆಂಗಸರಲ್ಲಿ ಇದು ಸಾಮಾನ್ಯ. ಮೂತ್ರ ತಡೆಹಿಡಿಯುವ ಸ್ನಾಯುಗಳನ್ನು ಬಿಗಿಹಿಡಿದು ಬಿಡುವ ವ್ಯಾಯಾಮ ಇದೆ, ಫಿಸಿಯೋಥೆರಪಿಯವರು ಹೇಳಿಕೊಟ್ಟರು. ಅವರಿಗೂ ನನ್ನ ನಮಸ್ಕಾರ. ತಿಳಿನೀಲಿ ಸೀರೆ ಮತ್ತೆ ಬೀರುವಿನಿಂದ ಹೊರಗೆ ಬಂದಿದೆ.

ನರವನ್ನು ಶಾಂತ ಮಾಡುವ ಮಾತ್ರೆಗಳೂ ಇವೆ, ಅದಕ್ಕೆ ಮೊದಲು ಸ್ಪೀಚ್ ಥೆರಪಿ ಮಾಡೋಣ ಅಂದರು ಡಾಕ್ಟರ್. ಮಾತು ಬಾರದ ಮಕ್ಕಳಿಗೆ ಮಾತ್ರ ಸ್ಪೀಚ್ ಥೆರಪಿ ಅಂತ ನಾವೆಲ್ಲ ತಿಳಿದಿದ್ದೆವು. ಆಸ್ಟ್ರೇಲಿಯಾದಲ್ಲಿ ಇದನ್ನು ಹಳೆಯ ಕೆಮ್ಮಿಗೆ ಪರೀಕ್ಷೆ ಮಾಡಿ ಗುಣ ಕಂಡದ್ದು 2006ರಲ್ಲೇ ಪ್ರಕಟವಾಗಿದೆಯಂತೆ. ನನಗೆ ಕಲಿಸಿದ ಹುಡುಗಿ ಮಾನಸಗಂಗೋತ್ರಿಯ ವಾಕ್ ಶ್ರವಣ ಸಂಸ್ಥೆಯಲ್ಲಿ ಓದಿದವಳು. ನನ್ನ ಶಿಷ್ಯೆಯರ ವಯಸ್ಸು. ನಾನು ಅವಳ ಶಿಷ್ಯೆಯಾದೆ.

ಅವಳ ಮೇಜಿನ ಮೇಲೆ ಒಂದು ಲೋಟ ನೀರು ಬಿಟ್ಟರೆ ಏನೂ ಇರಲಿಲ್ಲ. "ಮೇಡಂ, ಕೆರೆತ ಬರೋದಕ್ಕೂ ಕೆಮ್ಮೋದಕ್ಕೂ ಮಧ್ಯೆ ಒಂದು ಚೂರು ಸಮಯ ಇರುತ್ತೆ. ಅದನ್ನ ಗುರುತು ಹಿಡೀರಿ" ಅಂದಳು. ಕೆರೆತ ಬಂದ ಕೂಡಲೇ ಮೂಗಿನಿಂದ ಸಣ್ಣಗೆ ಉಸಿರೆಳೆದು, ತುಟಿ ಮುಂದೆ ಮಾಡಿ ಮೆಲ್ಲಗೆ 'ಫೂ' ಅಂತ ಬಿಡಬೇಕು. ಹೆಗಲು ಸಡಿಲವಾಗಿರಬೇಕು. ಇಲ್ಲವೇ ಒಂದು ಗುಟುಕು ನೀರು ನುಂಗಬೇಕು. 'ಹ್ಞಂ ಹ್ಞಂ' ಅಂತ ಗಂಟಲು ಸರಿಮಾಡಿಕೊಳ್ಳುವುದು ಪೂರ್ತಿ ಬಂದ್. ಗಂಟಲಿಗೆ ಅದೂ ಕೆಮ್ಮಿನಷ್ಟೇ ಪೆಟ್ಟು. ಕಾಫಿ ಕಡಿಮೆ, ನೀರು ಜಾಸ್ತಿ, ಏರುದನಿಯಲ್ಲಿ ಮಾತು ಬೇಡ. ಮೊದಲ ವಾರ ಇದರಿಂದ ಏನಾಗುತ್ತದೆ ಅನ್ನಿಸಿತು. ಒಂದು ದಿನ ಕೆರೆತ ಬಂದು, ಉಸಿರು ಬಿಡುತ್ತಾ ಬಿಡುತ್ತಾ, ಕೆಮ್ಮು ಬಾರದೆ ಹಾಗೇ ಅಡಗಿತು. ಫೋನ್ ಮಾಡಿ ಅವಳಿಗೇ ಮೊದಲು ಹೇಳಿದೆ. ಅವಳು ನನಗಿಂತ ಜಾಸ್ತಿ ಖುಷಿಪಟ್ಟಳು.

ನಮ್ಮ ಎಚ್.ಎಂ. ಸಾರ್ ಸೊಂಟಕ್ಕೆ ಕಟ್ಟಿಕೊಳ್ಳುವ ಸಣ್ಣ ಮೈಕ್ ತರಿಸಿಕೊಟ್ಟರು. ಹಿಂದಿ ಮೇಡಂ ಕೇಳದೆಯೇ ನನ್ನ ಕೊನೆಯ ಪಿರಿಯಡ್‌ಗಳನ್ನು ತೆಗೆದುಕೊಂಡರು. ಕರಿಹಲಗೆ ಒರೆಸುವಾಗ ಸೀಮೆಸುಣ್ಣದ ಪುಡಿ ಹಾರದಿರಲಿ ಅಂತ ಮಕ್ಕಳೇ ಒದ್ದೆ ಬಟ್ಟೆ ಇಟ್ಟುಕೊಂಡಿದ್ದರು. ನಾನು ಕೆಮ್ಮಿ ನಿಂತಾಗ ಗಲಾಟೆ ಮಾಡದೆ ಕಾಯುತ್ತಿದ್ದರು, ಮುಂದಿನ ಬೆಂಚಿನ ಯಾರೋ ನೀರಿನ ಬಾಟಲಿ ಮುಂದೆ ಸರಿಸುತ್ತಿದ್ದರು. ಹದಿನೈದು ವರ್ಷದ ಮಕ್ಕಳು. ನಮ್ಮವರು ಪ್ರತಿ ಸಲ ರಜೆ ಹಾಕಿ ಜೊತೆಗೆ ಬಂದರು, ಕೆಮ್ಮಿಗೆ ಇಷ್ಟೊಂದು ಖರ್ಚಾ ಅಂತ ಒಂದು ದಿನವೂ ಅನ್ನಲಿಲ್ಲ.

ಕೆಮ್ಮು ಪೂರ್ತಿ ಹೋಗಿಲ್ಲ. ಚಳಿಗೆ, ಮದುವೆ ಮನೆಯ ಹೊಗೆಗೆ ಈಗಲೂ ಬರುತ್ತದೆ, ಒಂದೆರಡು ಉಸಿರಿಗೆ ತಗ್ಗುತ್ತದೆ. ಡಾಕ್ಟರ್ ಮತ್ತೆ ಬಂದು ತೋರಿಸಿ ಅಂದಿದ್ದಾರೆ, ಹೋಗುತ್ತೇನೆ. ಆಶಾ ಕಾರ್ಯಕರ್ತೆ ಮೊನ್ನೆ ಪಕ್ಕದ ಬೀದಿಯ ಒಬ್ಬ ಅಜ್ಜಿಯನ್ನು ನಮ್ಮ ಮನೆಗೆ ಕರೆದುಕೊಂಡು ಬಂದಿದ್ದರು. ಅವರಿಗೂ ತಿಂಗಳುಗಳಿಂದ ಕೆಮ್ಮಂತೆ. ಕಫ ಟೆಸ್ಟ್ ಆಗಿದೆ. ಮಾತ್ರೆಗಳ ಚೀಲ ತನ್ನಿ ಅಂದೆ. ಈ ಶನಿವಾರ ನಾನೂ ಅವರ ಜೊತೆ ಆಸ್ಪತ್ರೆಗೆ ಹೋಗುತ್ತಿದ್ದೇನೆ.