ಚನ್ನಗಿರಿಯಿಂದ ಎಡಿಸನ್‌ವರೆಗೆ ಜೊತೆಗಿದ್ದವರಿಗೆ

ಅಪ್ಪ ಅಮ್ಮ ಹೋದ ಶನಿವಾರ ಅಮೆರಿಕದ ನ್ಯೂಜೆರ್ಸಿಯ ಎಡಿಸನ್‌ನಲ್ಲಿರುವ ನಮ್ಮ ಮನೆಗೆ ಬಂದು ಸೇರಿದರು. ನ್ಯೂವಾರ್ಕ್ ಏರ್‌ಪೋರ್ಟಿನಲ್ಲಿ ಪಾಸ್‌ಪೋರ್ಟಿಗೆ ಮುದ್ರೆ ಬಿದ್ದಿದೆ, ಇಲ್ಲಿ ಕಾಯಂ ಆಗಿ ಇರಲು ಕೊಡುವ ಗ್ರೀನ್ ಕಾರ್ಡು ಅಂಚೆಯಲ್ಲಿ ಬರಬೇಕು. ಇಷ್ಟು ವರ್ಷ ವಿಸಿಟರ್ ವೀಸಾದಲ್ಲಿ ಬಂದು, ಆರು ತಿಂಗಳಾಗುವ ಮೊದಲೇ ಪೆಟ್ಟಿಗೆ ಕಟ್ಟುತ್ತಿದ್ದವರು ಇನ್ನು ನಮ್ಮ ಜೊತೆಗೇ ಇರುತ್ತಾರೆ. ಒಬ್ಬೊಬ್ಬರಿಗೇ ಫೋನ್ ಮಾಡಿ ಥ್ಯಾಂಕ್ಸ್ ಹೇಳುತ್ತಾ ಹೋದರೆ ಯಾರನ್ನಾದರೂ ಬಿಟ್ಟುಬಿಡುತ್ತೇನೆ, ಅದಕ್ಕೇ ಎಲ್ಲರಿಗೂ ಕಾಣುವ ಹಾಗೆ ಇಲ್ಲಿ ಬರೆಯುತ್ತಿದ್ದೇನೆ. ಹೆಸರು ಹಾಕಬೇಡ ಎಂದು ಕೆಲವರು ಮೊದಲೇ ಹೇಳಿದ್ದಾರೆ. ಹಾಕುವುದಿಲ್ಲ. ಓದಿದರೆ ನೀವೇ ಎಂದು ನಿಮಗೆ ಗೊತ್ತಾಗುತ್ತದೆ.

ಅಮೆರಿಕದ ಪ್ರಜೆಯಾದ ಮಗಳೋ ಮಗನೋ, 21 ವರ್ಷ ತುಂಬಿದ್ದರೆ, ಅಪ್ಪ ಅಮ್ಮನ ಗ್ರೀನ್ ಕಾರ್ಡಿಗೆ ಅರ್ಜಿ ಹಾಕಬಹುದು. ವರ್ಷಕ್ಕೆ ಇಷ್ಟೇ ಮಂದಿ ಎಂಬ ಮಿತಿಯೂ ಇದಕ್ಕಿಲ್ಲ. ಅಣ್ಣ ತಮ್ಮಂದಿರಿಗಾಗಿ ಅರ್ಜಿ ಹಾಕಿ ಹದಿನೈದು ವರ್ಷಕ್ಕೂ ಮೇಲೆ ಕಾಯುತ್ತಿರುವವರು ನಮ್ಮ ಬಳಗದಲ್ಲೇ ಇದ್ದಾರೆ, ಅವರ ಮುಂದೆ ನಮ್ಮದು ಕಷ್ಟವೇ ಅಲ್ಲ. ನಮ್ಮ ಕಷ್ಟ ಬೇರೆ ಕಡೆ ಇತ್ತು. ಅಮ್ಮ ಹುಟ್ಟಿದ್ದು 1954ರಲ್ಲಿ, ಸೂಳೆಕೆರೆ ಕಡೆಯ ಹಳ್ಳಿಯೊಂದರಲ್ಲಿ, ಮನೆಯಲ್ಲೇ. ಜನನ ಮರಣ ನೋಂದಣಿ ಕಾಯ್ದೆ ಬಂದದ್ದೇ 1969ರಲ್ಲಿ. ಅಮ್ಮ ಹುಟ್ಟಿದ್ದಕ್ಕೆ ಕಾಗದ ಇರಲಿಲ್ಲ, ಅಪ್ಪ ಅಮ್ಮನ ಮದುವೆಯಾಗಿದ್ದಕ್ಕೂ ಇರಲಿಲ್ಲ.

ಕಾಗದ ಇಲ್ಲದಿದ್ದರೆ ‘ಇಲ್ಲ’ ಎಂದಾದರೂ ಸರ್ಕಾರವೇ ಬರೆದುಕೊಡಬೇಕು. ತಾಲ್ಲೂಕು ಕಚೇರಿಯ ರೆಕಾರ್ಡ್ ರೂಮಿನಲ್ಲಿ ಆ ವರ್ಷದ ರಿಜಿಸ್ಟರ್ ಹುಡುಕಿ, ಹೆಸರು ಸಿಗಲಿಲ್ಲ ಎಂದು ಅಲಭ್ಯತಾ ಪತ್ರ ಕೊಟ್ಟ ಕೇಸ್ ವರ್ಕರ್ ಮೇಡಂ, ನಿಮಗೆ ಮೊದಲ ನಮಸ್ಕಾರ. ನೋಡದೆಯೇ ‘ಇಲ್ಲ’ ಎಂದು ಬರೆದುಕೊಟ್ಟಿದ್ದರೂ ಯಾರಿಗೂ ತಿಳಿಯುತ್ತಿರಲಿಲ್ಲ. ನೀವು ಹಿಂದಿನ ವರ್ಷದ್ದನ್ನೂ ಮುಂದಿನ ವರ್ಷದ್ದನ್ನೂ ತೆಗೆಸಿ, ಧೂಳು ಕೊಡವಿ ನೋಡಿದಿರಿ. ಇದೇ ಕೆಲಸಕ್ಕೆ ಒಬ್ಬ ಏಜೆಂಟ್ ಕೇಳಿದ್ದ ದುಡ್ಡಿನಲ್ಲಿ ಅಮ್ಮನ ಟಿಕೆಟ್ಟೇ ಬರುತ್ತಿತ್ತು.

ಅಲಭ್ಯತಾ ಪತ್ರದ ಜೊತೆಗೆ, ಹುಟ್ಟಿದ್ದನ್ನು ಸ್ವತಃ ಬಲ್ಲ ಹಿರಿಯರ ಅಫಿಡವಿಟ್ ಬೇಕಿತ್ತು. ಅಮ್ಮನಿಗಿಂತ ಹತ್ತು ವರ್ಷಕ್ಕೆ ದೊಡ್ಡವರು ನಮ್ಮ ದೊಡ್ಡಮ್ಮ. ನೋಟರಿ ಅವರ ಮನೆಗೇ ಬಂದರು, ಇ-ಸ್ಟಾಂಪ್ ಕಾಗದದ ಇಂಗ್ಲಿಷನ್ನು ಕನ್ನಡದಲ್ಲಿ ಓದಿ ಹೇಳಿದರು. ನಾನು ವಿಡಿಯೋ ಕಾಲ್‌ನಲ್ಲಿದ್ದೆ. ದೊಡ್ಡಮ್ಮ ಕೇಳಿಸಿಕೊಂಡು, ‘ಇಷ್ಟೇನಾ?’ ಅಂದರು. ಆಮೇಲೆ ಶುರುವಾಯಿತು. ‘ಅವತ್ತು ಕಾರಹುಣ್ಣಿಮೆ. ಎತ್ತು ತೊಳಿಯಾಕೆ ಅಂತ ಎಲ್ಲಾರೂ ಕೆರೆಗೆ ಹೋಗಿದ್ರು. ಮನ್ಯಾಗೆ ನಾನು, ನಮ್ಮವ್ವ ಇಬ್ರೇ. ಸೂಲಗಿತ್ತೀನ ಓಡಿಹೋಗಿ ಕರ್ಕಂಡು ಬಂದಾಕಿ ನಾನೇ, ನೀರು ಕಾಸಿದಾಕೀನೂ ನಾನೇ. ಆಯಮ್ಮನ ಹೆಸರೂ ಬರ್ಕಳಪ್ಪ, ಆಕಿ ಇರಲಿಲ್ಲಂದ್ರೆ ಇಬ್ರೂ ಉಳೀತಿರಲಿಲ್ಲ.’ ನೋಟರಿ ಒಂದು ಕ್ಷಣ ನನ್ನ ಕಡೆ ನೋಡಿದರು, ಆಮೇಲೆ ಸೂಲಗಿತ್ತಿಯ ಹೆಸರು ಸೇರಿಸಿ ಹೊಸದಾಗಿ ಟೈಪ್ ಮಾಡಿಸಿಕೊಂಡು ಬಂದರು. ಅಮ್ಮನ ದಾಖಲೆಗಳಲ್ಲಿ ಇರುವುದು ಜೂನ್ 1, ಸ್ಕೂಲಿಗೆ ಸೇರಿಸಿದ ದಿನ ಮೇಷ್ಟ್ರು ಹಾಕಿದ ತಾರೀಕು. ದಿನ ಹೇಗೋ ಏನೋ, ತಿಂಗಳಂತೂ ಕಾರಹುಣ್ಣಿಮೆಗೆ ಹೊಂದಿಕೊಂಡಿತು. ದೊಡ್ಡಮ್ಮ, ನಿಮ್ಮ ಹೆಬ್ಬೆಟ್ಟಿನ ಗುರುತು ವಾಷಿಂಗ್ಟನ್ನಿನ ಕಡತದಲ್ಲಿ ಕೂತಿದೆ. ಆ ಸೂಲಗಿತ್ತಿಯ ಹೆಸರೂ ಕೂತಿದೆ. ಅವರ ಮೊಮ್ಮಕ್ಕಳು ಎಲ್ಲಿದ್ದಾರೆಂದು ಗೊತ್ತಿದ್ದವರು ದಯವಿಟ್ಟು ಈ ಮಾತು ಮುಟ್ಟಿಸಿ.

ಇಲ್ಲಿನ ಲಾಯರ್ ಮೇಡಂ ಕಾಗದವನ್ನೆಲ್ಲ ನೋಡಿ, ‘ನಿಮ್ಮ ತಾಯಿ ಎರಡು ಕಡೆ ಹುಟ್ಟಿದ್ದಾರಾ?’ ಎಂದು ಕೇಳಿದ್ದರು. ತಪ್ಪು ಅವರದಲ್ಲ. ಅಮ್ಮನ ಸ್ಕೂಲ್ ಟಿಸಿಯಲ್ಲಿ ಮೈಸೂರು ರಾಜ್ಯ, ಶಿವಮೊಗ್ಗ ಜಿಲ್ಲೆ. ಪಾಸ್‌ಪೋರ್ಟಿನಲ್ಲಿ ಕರ್ನಾಟಕ, ದಾವಣಗೆರೆ. ಅಪ್ಪನ ಜೊತೆ ಕೆಲಸ ಮಾಡಿದ ನಿವೃತ್ತ ಹೆಡ್‌ಮಾಸ್ಟರ್ ಮಾವ ಕೂತು ಒಂದು ಪುಟದಲ್ಲಿ ಬರೆದುಕೊಟ್ಟರು: 1973ರ ನವೆಂಬರ್ 1ರಂದು ಮೈಸೂರು ರಾಜ್ಯ ಕರ್ನಾಟಕವಾಯಿತು; 1997ರ ಆಗಸ್ಟ್ 15ರಂದು ದಾವಣಗೆರೆ ಜಿಲ್ಲೆಯಾದಾಗ ಚನ್ನಗಿರಿ, ಹೊನ್ನಾಳಿ ತಾಲ್ಲೂಕುಗಳು ಶಿವಮೊಗ್ಗದಿಂದ ಅದಕ್ಕೆ ಸೇರಿದವು; 2014ರಲ್ಲಿ ಇಂಗ್ಲಿಷಿನಲ್ಲೂ ಶಿಮೋಗ ಹೋಗಿ ಶಿವಮೊಗ್ಗ ಬಂತು. ಕೊನೆಗೊಂದು ಕೈಬರಹದ ಮ್ಯಾಪ್ ಬೇರೆ! ಮಾವ, ಆ ಮ್ಯಾಪನ್ನೂ ಸ್ಕ್ಯಾನ್ ಮಾಡಿ ಕಳಿಸಿದ್ದೇವೆ.

ಅಪ್ಪನಿಗೊಂದು, ಅಮ್ಮನಿಗೊಂದು, ಬೇರೆ ಬೇರೆ ಐ-130 ಅರ್ಜಿ, ಅಂದರೆ ಸಂಬಂಧಿಕರನ್ನು ಕರೆಸಿಕೊಳ್ಳುವ ಅರ್ಜಿ, ಹಾಕಬೇಕು. ಅಮ್ಮನ ಅರ್ಜಿಗೆ, ಅವಳು ನನ್ನ ತಾಯಿ ಎನ್ನುವುದಕ್ಕೆ, ನನ್ನ ಜನನ ಪ್ರಮಾಣಪತ್ರ ಸಾಕು. ಅಪ್ಪನ ಅರ್ಜಿಗೆ ಅದರ ಜೊತೆ ಮದುವೆಯ ಸರ್ಟಿಫಿಕೇಟೂ ಬೇಕು. ಇದನ್ನು ಕೇಳಿದ ಮೇಲೆ ಅಮ್ಮ ಅಪ್ಪನನ್ನು ಸುಮ್ಮನೆ ಬಿಟ್ಟಿಲ್ಲ. ಮದುವೆಯಾದದ್ದು 1976ರಲ್ಲಿ, ಮನೆ ಮುಂದಿನ ಚಪ್ಪರದಲ್ಲಿ. ಲಗ್ನಪತ್ರಿಕೆ ನಮ್ಮ ಮನೆಯಲ್ಲಿ ಇರಲಿಲ್ಲ. ಸಿಕ್ಕಿದ್ದು ಅಪ್ಪನ ಗೆಳೆಯರ ಟ್ರಂಕಿನಲ್ಲಿ, ಮುಯ್ಯಿ ಬರೆದ ಪುಸ್ತಕದೊಳಗೆ. ಯಾರು ಎರಡು ರೂಪಾಯಿ, ಯಾರು ಐದು, ಯಾರು ಸ್ಟೀಲ್ ಲೋಟ ಎಂದು ಅವತ್ತು ಬರೆದುಕೊಂಡವರೂ ಅವರೇ. ಉಪನೋಂದಣಿ ಕಚೇರಿಗೆ ಆ ಪತ್ರಿಕೆ ಹಿಡಿದುಕೊಂಡು ಸಾಕ್ಷಿಗೆ ಬಂದರು. ಜೋಡಿ ಫೋಟೋ ಬೇಕು ಎಂದಾಗ ಅಮ್ಮ, ‘ಈ ವಯಸ್ಸಿಗೆ ಎಂಥಾ ಜೋಡಿ ಫೋಟೋ’ ಎಂದು ಗೋಡೆ ಕಡೆ ತಿರುಗಿ ನಿಂತರಂತೆ. ಸ್ಟುಡಿಯೋದ ಹುಡುಗ ಪುಸಲಾಯಿಸಿ ತೆಗೆದ ಆ ಫೋಟೋ ಈಗ ನಮ್ಮ ಫ್ರಿಜ್ ಮೇಲಿದೆ.

ಇನ್ನು ದುಡ್ಡಿನ ಕಾಗದ. ಬರುವವರು ಸರ್ಕಾರದ ಮೇಲೆ ಭಾರವಾಗುವುದಿಲ್ಲ ಎಂದು ಐ-864 ಎಂಬ ಜವಾಬ್ದಾರಿ ಪತ್ರಕ್ಕೆ ಸಹಿ ಹಾಕುವ ನಾನು, ನಮ್ಮ ಮನೆಗೆ ಬಡತನ ರೇಖೆಯ ಶೇ. 125ರಷ್ಟಾದರೂ ಆದಾಯ ಇದೆ ಎಂದು ತೋರಿಸಬೇಕು. ನಮ್ಮ ಯಜಮಾನರು ಆ ವರ್ಷವಷ್ಟೇ ಸ್ವಂತ ವ್ಯಾಪಾರಕ್ಕಿಳಿದಿದ್ದರು, ಟ್ಯಾಕ್ಸ್ ರಿಟರ್ನಿನಲ್ಲಿ ನಷ್ಟ. ನನ್ನದು ಅರ್ಧ ದಿನದ ಕೆಲಸ. ಜಂಟಿಯಾಗಿ ಸಹಿ ಹಾಕುವವರು ಒಬ್ಬರು ಬೇಕಾಯಿತು. ಇದು ಸಾಲಕ್ಕೆ ಜಾಮೀನು ನಿಂತದ್ದಕ್ಕಿಂತ ಉದ್ದದ ಬಾಧ್ಯತೆ: ಬಂದವರು ಇಲ್ಲಿನ ಪ್ರಜೆಗಳಾಗುವವರೆಗೆ, ಅಥವಾ ಸುಮಾರು ಹತ್ತು ವರ್ಷದ ದುಡಿಮೆ ಲೆಕ್ಕಕ್ಕೆ ಬರುವವರೆಗೆ, ಅಥವಾ ಈ ದೇಶವನ್ನು ಕಾಯಂ ಆಗಿ ಬಿಟ್ಟುಹೋಗುವವರೆಗೆ ಮುಗಿಯುವುದಿಲ್ಲ. ಹುಬ್ಬಳ್ಳಿ ಕಡೆಯ ಅಕ್ಕ, ಭಾವ, ನಿಮಗೆ ನಾವು ರಕ್ತಸಂಬಂಧಿಗಳೂ ಅಲ್ಲ, ಕನ್ನಡ ಕೂಟದ ಅಡುಗೆ ಕಮಿಟಿಯಲ್ಲಿ ಪರಿಚಯವಾದವರು. ಭಾವ ಫಾರಂ ಪೂರ್ತಿ ಓದಿದರು. ‘ಎಪ್ಪತ್ತು ದಾಟಿದವ್ರು ಹತ್ತು ವರ್ಷ ಎಲ್ಲಿ ದುಡೀತಾರ? ಅಂದ್ರ ಇದು ಮುಗಿಯಂಗಿಲ್ಲ ಅನ್ರಿ’ ಎಂದು ನಕ್ಕು, ಕೇಳುವುದನ್ನೆಲ್ಲ ಕೇಳಿ, ಆಮೇಲೆ ಪೆನ್ನು ತೆಗೆದರು. ಓದದೆ ಹಾಕಿದ ಸಹಿಗಿಂತ ಓದಿ ಹಾಕಿದ ಆ ಸಹಿಯ ಋಣ ನನಗೆ ದೊಡ್ಡದಾಗಿ ಕಾಣುತ್ತದೆ.

ವೀಸಾ ಸಂದರ್ಶನಕ್ಕೆ ಮುಂಬೈಗೆ ಕರೆದುಕೊಂಡು ಹೋದವನು ಚಿಕ್ಕಪ್ಪನ ಮಗ. ಮೆಡಿಕಲ್, ಎಕ್ಸ್‌ರೇ, ಎಪ್ಪತ್ತು ದಾಟಿದ ವಯಸ್ಸಿನಲ್ಲಿ ಇಂಜೆಕ್ಷನ್ನುಗಳು, ಎಲ್ಲಕ್ಕೂ ಅವನೇ. ಮಾಟುಂಗಾದ ಉಡುಪಿ ಹೋಟೆಲಿನ ಹಿರಿಯರು ಅಮ್ಮನಿಗೆ ಜ್ವರ ಎಂದು ತಿಳಿದು ಎರಡು ಹೊತ್ತೂ ಗಂಜಿ ಕಟ್ಟಿಸಿ ಕೊಟ್ಟರು, ದುಡ್ಡು ಮುಟ್ಟಲಿಲ್ಲ. ಬಾಂದ್ರಾ-ಕುರ್ಲಾ ಕಾಂಪ್ಲೆಕ್ಸಿನ ಕಾನ್ಸುಲೇಟಿನೊಳಗೆ ಮೊಬೈಲ್ ಬಿಡುವುದಿಲ್ಲ. ಅಲ್ಲಿ ಬೆಳಿಗ್ಗೆ, ಇಲ್ಲಿ ನಡುರಾತ್ರಿ. ಚಿಕ್ಕಪ್ಪನ ಮಗ ಹೊರಗೆ ಇಬ್ಬರ ಫೋನೂ ಹಿಡಿದು ನಿಂತು, ‘ಇನ್ನೂ ಬಂದಿಲ್ಲ ಅಕ್ಕ’ ಎಂದು ನನಗೆ ಮೆಸೇಜ್ ಹಾಕುತ್ತಲೇ ಇದ್ದ. ಒಳಗೆ ಅಮ್ಮನನ್ನು ಕೇಳಿದ್ದು, ಮಗಳ ಮನೆಯಲ್ಲಿ ಏನು ಮಾಡುತ್ತೀರಿ ಎಂದು. ‘ಏನೂ ಮಾಡಲ್ಲ. ಮಾಡಿದ್ದು ಸಾಕಾಗೇತಿ, ಕೂತ್ಕಂಡು ಉಣ್ತೀನಿ’ ಅಂದಳಂತೆ ಅಮ್ಮ. ಅದನ್ನು ಇಂಗ್ಲಿಷಿನಲ್ಲಿ ಹೇಳಿದವರೂ ನಕ್ಕರಂತೆ, ಕೇಳಿಸಿಕೊಂಡ ಅಧಿಕಾರಿಯೂ ನಕ್ಕರಂತೆ.

ಮುಂದಿನ ಲೆಕ್ಕಗಳೂ ಇವೆ. ಐದು ವರ್ಷ ವಾಸವಾಗುವವರೆಗೆ ಅವರಿಗೆ ಮೆಡಿಕೇರ್, ಅಂದರೆ ಹಿರಿಯರಿಗಿರುವ ಸರ್ಕಾರಿ ಆರೋಗ್ಯ ವಿಮೆ, ಸಿಗುವುದಿಲ್ಲ. ಅಲ್ಲಿಯವರೆಗಿನ ಇನ್ಶೂರೆನ್ಸನ್ನು ತಾಳ್ಮೆಯಿಂದ ವಿವರಿಸಿದ ನರ್ಸ್ ಗೆಳತಿಗೆ ಥ್ಯಾಂಕ್ಸ್. ಅಡಿಕೆ ತೋಟವನ್ನು ಈ ಸಲ ಖೇಣಿಗೆ, ಅಂದರೆ ಫಸಲಿನ ಗುತ್ತಿಗೆಗೆ, ಕೊಟ್ಟಾಗಿದೆ, ಪಕ್ಕದ ತೋಟದ ಅಣ್ಣ ನೀರು ನೋಡಿಕೊಳ್ಳುತ್ತಿದ್ದಾರೆ. ಆದರೂ ಅಪ್ಪ ಜೆಟ್ ಲ್ಯಾಗ್ ಇಳಿಯುವ ಮೊದಲೇ ಕೇಳಿದ್ದು, ಊರಿಗೆ ಹೋದರೆ ಎಷ್ಟು ದಿನ ಇರಬಹುದು ಎಂದು. ಒಂದು ವರ್ಷ ದಾಟುವುದಾದರೆ ಇಲ್ಲಿಂದ ಹೊರಡುವ ಮೊದಲೇ ಮತ್ತೆ ಒಳಗೆ ಬರಲು ಬೇಕಾದ ರೀ-ಎಂಟ್ರಿ ಪರ್ಮಿಟ್‌ಗೆ ಅರ್ಜಿ ಹಾಕಬೇಕು, ಆರು ತಿಂಗಳು ದಾಟಿದರೂ ಪ್ರಶ್ನೆ ಬರಬಹುದು ಎಂದೆ. ಅಡಿಕೆ ಕೊಯ್ಲಿಗೆ ಅಷ್ಟು ಸಾಕು ಅಂದರು.

ಅಲಭ್ಯತಾ ಪತ್ರದ ಅರ್ಜಿ, ಅಫಿಡವಿಟ್, ಜಿಲ್ಲೆ ಬದಲಾದ ವಿವರಣೆ, ಎಲ್ಲದರ ಮಾದರಿ ನನ್ನ ಹತ್ತಿರ ಇದೆ. ಬೇಕಾದವರು ಕೇಳಿ, ಹೆಸರುಗಳನ್ನು ತೆಗೆದು ಕಳಿಸುತ್ತೇನೆ. ಮಾವನ ಮ್ಯಾಪ್ ಮಾತ್ರ ಚನ್ನಗಿರಿ, ಹೊನ್ನಾಳಿಯವರಿಗಷ್ಟೇ ಉಪಯೋಗಕ್ಕೆ ಬರುತ್ತದೆ.